ಧಾರವಾಡದಲ್ಲಿ ಮನೆ ಕಟ್ಟುವ ಮುಂಚೆ ಒಂದು ಮಳೆಗಾಲ, ಒಂದು ಬೇಸಿಗೆ

ಪ್ರಶ್ನೆ: ನಾವು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿದ್ದೇವೆ. ಮೂಲ ತುಮಕೂರು ಕಡೆ. ಗಂಡ, ನಾನು ಇಬ್ಬರೂ ಐಟಿ ಕೆಲಸದಲ್ಲಿದ್ದೇವೆ. ತಿಂಗಳಿಗೆ ಎರಡು ಸಲ ಆಫೀಸಿಗೆ ಹೋದರೆ ಸಾಕು. ಮಗಳು ನಾಲ್ಕನೇ ಕ್ಲಾಸು. ಅತ್ತೆ ನಮ್ಮ ಜೊತೆಗಿದ್ದಾರೆ, ಎಪ್ಪತ್ತೆರಡು ವರ್ಷ, ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಟ್ರಾಫಿಕ್, ಸದ್ದು, ಧೂಳು ಎಲ್ಲ ಸಾಕಾಗಿದೆ. ಕಳೆದ ನವೆಂಬರ್ ಕೊನೆಯಲ್ಲಿ ಒಂದು ಮದುವೆಗೆ ಧಾರವಾಡಕ್ಕೆ ಹೋಗಿ ಮೂರು ದಿನ ಇದ್ದೆವು. ಊರು ತುಂಬಾ ಹಿಡಿಸಿತು. ಅಲ್ಲೇ ಸೈಟ್ ಕೊಂಡು ಮನೆ ಕಟ್ಟಿಸೋಣ ಅಂತಿದ್ದೇವೆ. ಇಂಥ ಶಾಂತವಾದ ಸಣ್ಣ ಊರಿನಲ್ಲಿ ಬದುಕು ನಿಜಕ್ಕೂ ಹೇಗಿರುತ್ತದೆ? ಬೇಸರ ಬರುವುದಿಲ್ಲವಾ? ಮಗಳ ಓದಿಗೆ ತೊಂದರೆ ಆಗುತ್ತದಾ?

ಉತ್ತರ: ನೀವು ನೋಡಿ ಹೋದದ್ದು ನವೆಂಬರ್ ತಿಂಗಳ ಧಾರವಾಡ. ಆ ತಿಂಗಳಲ್ಲಿ ಬಂದವರಿಗೆಲ್ಲ ಇಲ್ಲೇ ಇದ್ದುಬಿಡೋಣ ಅನಿಸುತ್ತದೆ. ಮಳೆ ಮುಗಿದಿರುತ್ತದೆ, ಕೆರೆ ತುಂಬಿರುತ್ತದೆ, ಬೆಳಗ್ಗೆ ತೆಳ್ಳಗೆ ಮಂಜು ಬೀಳುತ್ತದೆ. ಬಿಸಿಲಿಗೆ ಹೋಗಿ ನಿಂತರೂ ಹಿತವೇ. ನಾನು ಮೂವತ್ತು ವರ್ಷ ನಗರ ಯೋಜನೆಯ ಕೆಲಸ ಮಾಡಿದವನು. ನಿವೃತ್ತಿಯ ನಂತರ ಹನ್ನೆರಡು ವರ್ಷದಿಂದ ಧಾರವಾಡದಲ್ಲೇ ಇದ್ದೇನೆ. ನಿಮ್ಮಂತೆ ಊರು ಬದಲಿಸುವವರು ಕೇಳಿದಾಗ ಮೊದಲೆಲ್ಲ ನಕಾಶೆ ಬಿಡಿಸಿ ರಸ್ತೆ, ನೀರು, ಶಾಲೆ ಅಂತ ಶುರು ಮಾಡುತ್ತಿದ್ದೆ. ಈಗ ಅದಕ್ಕಿಂತ ಮುಂಚೆ ಒಂದು ಮಾತು ಹೇಳುತ್ತೇನೆ. ಸಣ್ಣ ಊರಿನಲ್ಲಿ ಜನ ನಿಮ್ಮನ್ನು ಗುರುತಿಸುತ್ತಾರೆ, ನಿಮಗೆ ಬೇಕಿರಲಿ, ಬೇಡವಾಗಿರಲಿ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು, ಆ್ಯಪ್ ಒತ್ತಿ ಮಾಡಿಸಿಕೊಳ್ಳುವ ಕೆಲಸ ಇಲ್ಲಿ ಗುರುತಿನ ಮೇಲೆ ನಡೆಯುತ್ತದೆ. ಇಲ್ಲಿನ ಸುಖವೂ ಕಷ್ಟವೂ ಹೆಚ್ಚುಪಾಲು ಅಲ್ಲಿಂದಲೇ ಬರುವುದು.

ಮೊದಲು ಊರು ಯಾಕೆ ಶಾಂತವಾಗಿದೆ ಅಂತ ನೋಡೋಣ. ಕಾಗದದ ಮೇಲೆ ಧಾರವಾಡ ಸಣ್ಣದೇನಲ್ಲ. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. 2011ರ ಜನಗಣತಿಯಲ್ಲಿ ಎರಡೂ ಸೇರಿ 9.4 ಲಕ್ಷ ಜನ. ಆದರೆ ನಡುವೆ 20 ಕಿಲೋಮೀಟರ್ ದಾರಿ ಇದೆ, ಸ್ವಭಾವದಲ್ಲಿ ಅದಕ್ಕಿಂತ ಜಾಸ್ತಿ ದೂರ. ಹುಬ್ಬಳ್ಳಿ ವ್ಯಾಪಾರದ ಊರು. ಸಗಟು ಪೇಟೆ, ರೈಲ್ವೆಯ ದೊಡ್ಡ ಕಚೇರಿ, ವಿಮಾನ ನಿಲ್ದಾಣ ಎಲ್ಲ ಅಲ್ಲಿ. ಧಾರವಾಡ ಓದಿನ ಊರು. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ 1949ರದ್ದು, ಕೃಷಿ ವಿಶ್ವವಿದ್ಯಾಲಯ 1986ರದ್ದು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. 2016ರಲ್ಲಿ ಐಐಟಿ ಬಂತು. ನಕಾಶೆಯಲ್ಲಿ ನೋಡಿ, ಊರಿನ ಎಷ್ಟು ಜಾಗ ಈ ಆವರಣಗಳ ಒಳಗಿದೆ ಅಂತ. ಅಲ್ಲಿ ಮರ ಇವೆ, ಲೇಔಟ್ ಇಲ್ಲ. ದೊಡ್ಡ ವ್ಯಾಪಾರ ಪಕ್ಕದ ಊರಿಗೆ ಹೋಯಿತು, ಜಾಗ ಕಾಲೇಜುಗಳ ಕೈಲಿ ಉಳಿಯಿತು. ಧಾರವಾಡದ ಶಾಂತಿ ಹೀಗೆ ಉಳಿದುಕೊಂಡು ಬಂದದ್ದು.

ಇದರ ಲಾಭ ನಿಮಗೂ ಉಂಟು. ಶಾಂತವಾದ ಊರಿನಲ್ಲಿದ್ದರೂ ದೊಡ್ಡ ಊರಿನ ಅನುಕೂಲ ಬಸ್ಸಿನ ದೂರದಲ್ಲಿರುತ್ತದೆ. ಎರಡೂ ಊರಿನ ನಡುವೆ ಬಸ್ಸಿಗೇ ಅಂತ ಪ್ರತ್ಯೇಕ ದಾರಿ ಇದೆ, ಅದರಲ್ಲಿ ಚಿಗರಿ ಬಸ್ ಓಡುತ್ತದೆ. ಈ ಕಡೆ ಚಿಗರಿ ಅಂದರೆ ಜಿಂಕೆ. ಇನ್ನು 2023ರ ಜೂನ್‌ನಿಂದ ವಂದೇ ಭಾರತ್ ರೈಲು ಓಡುತ್ತಿದೆ. ಬೆಳಗ್ಗೆ ಬೆಂಗಳೂರು ಬಿಟ್ಟರೆ ಮಧ್ಯಾಹ್ನ ಊಟದ ಹೊತ್ತಿಗೆ ಧಾರವಾಡ. ರಾತ್ರಿ ರೈಲೂ ಇವೆ. ತಿಂಗಳಿಗೆ ಎರಡು ಸಲ ಆಫೀಸಿಗೆ ಹೋಗಿ ಬರುವುದು ಕಷ್ಟವೇನಲ್ಲ.

ದಿನ ಹೇಗೆ ಸಾಗುತ್ತದೆ ಅಂತ ಹೇಳುತ್ತೇನೆ. ನಮ್ಮ ಮನೆ ಮಾಳಮಡ್ಡಿ ಹತ್ತಿರ. ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗುವವರ ಚಪ್ಪಲಿ ಸದ್ದು. ಆರಕ್ಕೆ ಹಾಲು. ಏಳೂವರೆಗೆ ಕಾಯಿಪಲ್ಯೆ ಗಾಡಿ, ಮೆಂತ್ಯ ಇದೆಯಾ ರಾಜಗಿರಿ ಇದೆಯಾ ಅಂತ ಓಣಿಯ ಹೆಂಗಸರೆಲ್ಲ ಗೇಟಿಗೆ ಬರುತ್ತಾರೆ. ಒಂಬತ್ತರಿಂದ ಹತ್ತೂವರೆವರೆಗೆ ಸ್ಕೂಟರು, ಶಾಲೆ ವ್ಯಾನು. ಆಮೇಲೆ ಓಣಿ ಖಾಲಿ. ಮಧ್ಯಾಹ್ನ ಎರಡು ಗಂಟೆಗೆ ಬಂದು ನೋಡಬೇಕು. ಅರ್ಧ ಅಂಗಡಿಗಳ ಶಟರ್ ಇಳಿದಿರುತ್ತದೆ. ಎಲ್ಲೋ ಒಂದು ಮನೆಯಲ್ಲಿ ಒಗ್ಗರಣೆ ಸದ್ದು, ಇನ್ನೆಲ್ಲೋ ತಬಲಾ ಕಲಿಯುವ ಹುಡುಗನ ಅದೇ ನಾಲ್ಕು ಬೋಲು ಮತ್ತೆ ಮತ್ತೆ. ರೈಲು ಬಂದು ಹೋದರೆ ಅದೇ ದೊಡ್ಡ ಸದ್ದು. ಆ ಹೊತ್ತಿಗೆ ನಿಮಗೆ ಒಂದು ಜೆರಾಕ್ಸ್ ಬೇಕಾದರೆ ನಾಲ್ಕು ಗಂಟೆವರೆಗೆ ಕಾಯಬೇಕು. ಮೊದಲ ತಿಂಗಳು ಇದಕ್ಕೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಆಮೇಲೆ ನೀವೂ ಆ ಹೊತ್ತಿಗೆ ಕಾಲು ಚಾಚುತ್ತೀರಿ.

ಎಲ್ಲ ಬಡಾವಣೆಯೂ ಹೀಗೆ ಅಂದುಕೊಳ್ಳಬೇಡಿ. ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೆಂಟರ್, ಪಿಜಿ, ರೀಡಿಂಗ್ ರೂಮ್ ತುಂಬಿಕೊಂಡಿವೆ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ವರ್ಷಗಟ್ಟಲೆ ಓದುತ್ತಾರೆ. ರಾತ್ರಿ ಹನ್ನೊಂದಕ್ಕೂ ಚಹಾ ಅಂಗಡಿ ಮುಂದೆ ಗುಂಪು ಇರುತ್ತದೆ. ನನಗೆ ಆ ಮಕ್ಕಳ ಮೇಲೆ ತುಂಬಾ ಪ್ರೀತಿ, ಈ ಊರು ಅವರದ್ದೂ ಹೌದು. ಆದರೆ ನಿಮಗೆ ಬೇಕಾದ ನಿಶ್ಶಬ್ದ ಅಲ್ಲಿ ಸಿಗುವುದಿಲ್ಲ. ಬೈಪಾಸ್ ಹತ್ತಿರದ ಹೊಸ ಲೇಔಟ್‌ಗಳಲ್ಲಿ ಹಗಲು ಶಾಂತ, ರಾತ್ರಿಯಿಡೀ ಲಾರಿ. ಗಣೇಶನ ಹಬ್ಬದ ದಿನಗಳಲ್ಲಿ ಧ್ವನಿವರ್ಧಕ ಎಲ್ಲ ಕಡೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು ಅಂತ 2000ನೇ ಇಸವಿಯ ನಿಯಮ ಹೇಳುತ್ತದೆ. ಮನೆ ನೋಡಲು ಹೋದಾಗ ರಾತ್ರಿ ಹತ್ತೂವರೆಗೆ ಒಮ್ಮೆ ಹೋಗಿ, ಹತ್ತು ನಿಮಿಷ ಸುಮ್ನೆ ನಿಂತು ಕೇಳಿ. ಹಗಲು ನೋಡಿ ಒಪ್ಪಿದ ಮನೆಗಳು ರಾತ್ರಿ ಬೇರೆಯೇ ಆಗಿರುತ್ತವೆ.

ಈಗ ನೀರಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೆಂಗಳೂರಿನಿಂದ ಬಂದವರು ಎಡವುವುದು ಇಲ್ಲೇ. ಧಾರವಾಡಕ್ಕೆ ನೀರು ಬರುವುದು ಮಲಪ್ರಭೆಯಿಂದ, ಸವದತ್ತಿ ಹತ್ತಿರದ ರೇಣುಕಾಸಾಗರದಿಂದ. 2008ರ ಸುಮಾರಿಗೆ ಹುಬ್ಬಳ್ಳಿ ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಯೋಜನೆ ಶುರುವಾಯಿತು. ಬೆಳಗಾವಿ, ಕಲಬುರಗಿಯಲ್ಲೂ ಆಯಿತು. ದೇಶದ ಬೇರೆ ಕಡೆಯಿಂದ ಇಂಜಿನಿಯರುಗಳು ಬಂದು ನೋಡಿ ಹೋದ ಕೆಲಸ ಅದು. ಆದರೆ ಅದು ಊರಿಗೆಲ್ಲ ಇನ್ನೂ ಮುಟ್ಟಿಲ್ಲ. ಒಂದು ರಸ್ತೆಯಲ್ಲಿ ನಳ ತಿರುಗಿಸಿದಾಗೆಲ್ಲ ನೀರು. ಎರಡು ರಸ್ತೆ ಆಚೆ ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು ದಿನಕ್ಕೂ ಹೋಗಬಹುದು. ಬ್ರೋಕರ್ ಹತ್ತಿರ ಕೇಳಬೇಡಿ. ಎದುರು ಮನೆಯ ಹೆಂಗಸರ ಹತ್ತಿರ ಕೇಳಿ. ಅವರು ದಿನ, ಗಂಟೆ ಸಮೇತ ಹೇಳುತ್ತಾರೆ.

ನಾವು ಬಂದ ಮೊದಲ ಬೇಸಿಗೆ ಬಾಡಿಗೆ ಮನೆಯಲ್ಲಿದ್ದೆವು. ಬೆಳಗಿನ ಜಾವ ನಾಲ್ಕು ಗಂಟೆ. ಗೇಟಿನ ಚಿಲಕ ಟಣಟಣ ಸದ್ದು ಮಾಡಿತು. ಪಕ್ಕದ ಮನೆಯ ಅಜ್ಜಿ ಸೆರಗು ತಲೆ ಮೇಲೆ ಹೊದ್ದುಕೊಂಡು ನಿಂತಿದ್ದಾರೆ. 'ಅಕ್ಕಾರ, ನೀರ ಬಂದಾವ್ರೀ!' ಅಂತ ನನ್ನ ಹೆಂಡತಿಯನ್ನು ಕೂಗುತ್ತಿದ್ದಾರೆ. ಅವರಿಗೂ ನಮಗೂ ಅಷ್ಟೊತ್ತಿಗೆ ಇಪ್ಪತ್ತು ದಿನದ ಪರಿಚಯ. ನೋಡಿದರೆ ಓಣಿಯಲ್ಲಿ ಎಲ್ಲ ಮನೆಯ ದೀಪ ಹತ್ತಿವೆ. ಮೋಟರ್ ಸದ್ದು, ಕೊಡದ ಸದ್ದು, ಪೈಪಿನಿಂದ ಅಂಗಳ ತೊಳೆಯುವ ಸದ್ದು. ಒಂದೂವರೆ ಗಂಟೆ ಹೊತ್ತು ಊರು ಜಾತ್ರೆಯ ಹಾಗೆ ಎದ್ದಿತ್ತು. ಆಮೇಲೆ ನಳ ನಿಂತಿತು, ದೀಪಗಳೂ ಒಂದೊಂದೇ ಆರಿದವು. ಆ ಅಜ್ಜಿ ಕೂಗದೇ ಇದ್ದಿದ್ದರೆ ನಮಗೆ ಆ ವಾರ ನೀರಿಲ್ಲ.

ಲೆಕ್ಕ ಹೀಗೆ ಹಾಕಿಕೊಳ್ಳಿ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತೇವೆ. ನಾಲ್ಕು ಜನಕ್ಕೆ 540. ಎಂಟು ದಿನಕ್ಕೆ 4,320. ಬಂದು ಹೋಗುವ ನೆಂಟರನ್ನೂ ಸೇರಿಸಿದರೆ ನೆಲದಡಿಯ ಟಾಕಿ 6,000 ಲೀಟರಿಗಿಂತ ಕಡಿಮೆ ಇರಬಾರದು. ಬಾಡಿಗೆ ಮನೆ ನೋಡುವಾಗ ಹಾಲ್, ಕಿಚನ್ ಆಮೇಲೆ ನೋಡಿ. ಮೊದಲು ಟಾಕಿಯ ಮುಚ್ಚಳ ತೆಗೆಸಿ.

ಅತ್ತೆಯವರ ಹೃದಯದ ವಿಷಯ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಒಳ್ಳೆಯ ವೈದ್ಯರ ಕ್ಲಿನಿಕ್‌ಗಳಿವೆ. ಹುಬ್ಬಳ್ಳಿ ದಾರಿಯಲ್ಲಿ ಸತ್ತೂರಿನಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಖಾಸಗಿ ಆಸ್ಪತ್ರೆಗಳೂ ಇವೆ. ಹೃದಯದ ಕೆಲಸದಲ್ಲಿ ಹೊತ್ತೇ ಮುಖ್ಯ ಅಲ್ವಾ? ಹಾಗಾಗಿ ಮನೆ ಒಪ್ಪುವ ಮುಂಚೆ ಎರಡು ಕೆಲಸ ಮಾಡಿ. ಯಾವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಆ್ಯಂಜಿಯೋಪ್ಲಾಸ್ಟಿ ಮಾಡುತ್ತಾರೆ, ಅದಕ್ಕೆ ಬೇಕಾದ ಡಾಕ್ಟರ್ ಊರಲ್ಲೇ ಇರುತ್ತಾರಾ ಅಂತ ನೇರವಾಗಿ ಹೋಗಿ ಕೇಳಿ. ಆಮೇಲೆ ಆ ಮನೆಯಿಂದ ಆ ಆಸ್ಪತ್ರೆಗೆ ಸಂಜೆ ಆರು ಗಂಟೆಗೆ ಗಾಡಿ ಓಡಿಸಿ ನೋಡಿ. ಎಷ್ಟು ನಿಮಿಷ ಆಯಿತು ಅಂತ ಬರೆದುಕೊಳ್ಳಿ. ಎಲ್ಲವೂ ಇಪ್ಪತ್ತು ನಿಮಿಷದಲ್ಲಿದೆ ಅಂತ ಊರವರು ಹೇಳುತ್ತಾರೆ. ಅವರು ಹೇಳುವುದು ಖಾಲಿ ರಸ್ತೆಯ ಲೆಕ್ಕ.

ನಮ್ಮ ಮನೆಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನನ್ನ ಹೆಂಡತಿಗೆ ಎದೆನೋವು ಬಂತು. ನನಗೆ ಕೈಕಾಲು ಆಡಲಿಲ್ಲ. ಪಕ್ಕದ ಮನೆಗೆ ಫೋನ್ ಮಾಡಿದೆ. ಐದು ನಿಮಿಷದಲ್ಲಿ ಅವರ ಮಗ ಕಾರು ಗೇಟಿಗೆ ತಂದು ನಿಲ್ಲಿಸಿದ. ಅವನ ತಾಯಿ ಹಿಂದೆ ಕೂತು ಇವಳ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡರು. ದಾರಿಯಲ್ಲೇ ಅವನು ಆಸ್ಪತ್ರೆಯಲ್ಲಿದ್ದ ತನ್ನ ಗೆಳೆಯನಿಗೆ ಫೋನ್ ಮಾಡಿದ್ದ, ನಾವು ತಲುಪಿದಾಗ ಬಾಗಿಲಲ್ಲಿ ಗಾಲಿ ಕುರ್ಚಿ ಕಾಯುತ್ತಿತ್ತು. ಪಿತ್ತಕೋಶದ ಕಲ್ಲು ಅಂತ ಬೆಳಗ್ಗೆ ಗೊತ್ತಾಯಿತು. ಆ ಹುಡುಗ ಏಳು ಗಂಟೆವರೆಗೂ ಹೊರಗೆ ಬೆಂಚಿನ ಮೇಲೆ ಕೂತೇ ಇದ್ದ, ಆಮೇಲೆ ಅಲ್ಲಿಂದಲೇ ಕೆಲಸಕ್ಕೆ ಹೋದ. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಲ್ಲಿ ರಾತ್ರಿ ಎರಡಕ್ಕೆ ಯಾರ ಬಾಗಿಲು ತಟ್ಟಬೇಕು ಅಂತ ನನಗೆ ಗೊತ್ತಿರಲಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಆಸ್ಪತ್ರೆಯಿಂದ ಬಂದ ಮಾರನೇ ದಿನ ಹನ್ನೊಂದು ಜನ ನೋಡಲು ಬಂದರು. ಕಾಯಿಪಲ್ಯೆಯವನಿಗೂ ಕಲ್ಲಿನ ಅಳತೆ ಗೊತ್ತಿತ್ತು. ನಿಮ್ಮ ಮನೆಗೆ ಯಾರು ಬಂದರು, ಕಾರು ಯಾಕೆ ಎರಡು ದಿನದಿಂದ ಇಲ್ಲ, ಮಗಳು ಯಾಕೆ ಶಾಲೆಗೆ ಹೋಗಿಲ್ಲ, ಎಲ್ಲವನ್ನೂ ಕೇಳುತ್ತಾರೆ. ನಿಮಗೆ ಸಂಬಳ ಎಷ್ಟು ಅಂತ ಎರಡನೇ ಭೇಟಿಯಲ್ಲೇ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಇಲ್ಲಿ ಅದು ಮಾತು ಬೆಳೆಸುವ ದಾರಿ. ಉತ್ತರ ಕೊಡಲೇಬೇಕು ಅಂತಿಲ್ಲ. 'ನಡೀತೈತ್ರಿ' ಅಂದರೆ ಸಾಕು, ಅವರೂ ಅಲ್ಲಿಗೇ ಬಿಡುತ್ತಾರೆ. ಆದರೆ ನೀವು ರಾತ್ರಿ ಹತ್ತರ ಮೀಟಿಂಗ್ ಮುಗಿಸಿ ಒಬ್ಬರೇ ವಾಕಿಂಗ್ ಹೋದರೆ ಅದರ ಬಗ್ಗೆಯೂ ಮಾತಾಗುತ್ತದೆ. ಹೆಣ್ಣುಮಕ್ಕಳ ಮೇಲೆ ಈ ಕಣ್ಣು ಜಾಸ್ತಿ. ನಿಮ್ಮ ಮಗಳಿಗೆ ಹದಿನೈದು ಆದಾಗ ಅವಳಿಗೆ ಇದು ಭಾರ ಅನಿಸಬಹುದು. ಅದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಇನ್ನೊಂದು ಮಾತನ್ನು ಮುಚ್ಚಿಡುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ 'ನೀವು ಯಾವ ಪೈಕಿ?' ಅಂತ ಕೇಳುತ್ತಾರೆ. ಜಾತಿ ಕೇಳುವ ರೀತಿ ಅದು. ನನ್ನ ಗೆಳೆಯರೊಬ್ಬರು ಕಾಲೇಜಿನಲ್ಲಿ ಪಾಠ ಮಾಡುವವರು, ಇಲ್ಲಿಗೆ ವರ್ಗವಾಗಿ ಬಂದಾಗ ಹದಿನಾಲ್ಕು ಮನೆ ನೋಡಿದರು. ಎಲ್ಲ ಮನೆಯ ಮುಂದೆ ಬಾಡಿಗೆಗೆ ಇದೆ ಅಂತ ಬೋರ್ಡ್ ಇತ್ತು. ಇವರು ಹೆಸರು ಹೇಳಿದ ಮೇಲೆ 'ಮೊನ್ನೆನ ಕೊಟ್ಟೇವ್ರಿ' ಅನ್ನುವ ಉತ್ತರ. ಹದಿನೈದನೆಯ ಮನೆಯವರು ಏನೂ ಕೇಳದೆ ಕೀ ಕೊಟ್ಟರು, ಅವರ ಮನೆಯಲ್ಲೇ ಇವರು ಒಂಬತ್ತು ವರ್ಷ ಇದ್ದರು. ಈ ಊರನ್ನು ಇಷ್ಟು ಹಚ್ಚಿಕೊಂಡ ನನಗೆ ಇದನ್ನು ಬರೆಯಲು ನೋವಾಗುತ್ತದೆ. ದೊಡ್ಡ ಊರಿನಲ್ಲೂ ಇದು ಉಂಟು. ಆದರೆ ಅಲ್ಲಿ ಇನ್ನೂ ನೂರು ಮನೆ ಇರುತ್ತವೆ, ಇಲ್ಲಿ ನಿಮಗೆ ಬೇಕಾದ ಬಡಾವಣೆಯಲ್ಲಿ ಇರುವುದೇ ಹದಿನೈದು. ಯಾರಿಗಾದರೂ ಮನೆ ಹುಡುಕಿಕೊಡುವಾಗ ನಾನೀಗ ಮಾಲೀಕರ ಹತ್ತಿರ ಜೊತೆಗೇ ಹೋಗುತ್ತೇನೆ.

ಮಗಳ ಓದಿನ ಬಗ್ಗೆ ಚಿಂತೆ ಬೇಡ. ರಾಜ್ಯ ಪಠ್ಯಕ್ರಮದ ಹಳೆಯ ಶಾಲೆಗಳೂ ಇವೆ, ಸಿಬಿಎಸ್‌ಇ ಶಾಲೆಗಳೂ ಇವೆ. ಶಾಲೆಯ ವ್ಯಾನಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವುದು ತಪ್ಪುತ್ತದೆ, ಆ ವಯಸ್ಸಿಗೆ ಅದೇ ದೊಡ್ಡದು. ಮೊದಲ ಎರಡು ತಿಂಗಳು ಅವಳ ಕನ್ನಡ ಕೇಳಿ ಗೆಳತಿಯರು ನಗಬಹುದು, ಅವರ ಕನ್ನಡ ಇವಳಿಗೆ ಅರ್ಥವಾಗದೆ ಇರಬಹುದು. ದೀಪಾವಳಿ ಹೊತ್ತಿಗೆ ನಿಮ್ಮನ್ನೇ 'ಯವ್ವಾ, ಇಲ್ಲಿ ಬಾ' ಅಂತ ಕರೆಯುತ್ತಾಳೆ. ಸಂಗೀತದಲ್ಲಿ ಆಸೆ ಇದ್ದರೆ ಇದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ನನಗೆ ಗೊತ್ತಿಲ್ಲ. ಪಂಡಿತ ಮಲ್ಲಿಕಾರ್ಜುನ ಮನಸೂರರು ಬಾಳಿದ ಊರು ಇದು. ಹಿಂದೂಸ್ತಾನಿ ಹಾಡುಗಾರಿಕೆ, ಸಿತಾರ್, ತಬಲಾ ಕಲಿಸುವವರು ಇವತ್ತಿಗೂ ಓಣಿ ಓಣಿಯಲ್ಲಿ ಸಿಗುತ್ತಾರೆ. ಅವರ ಮನೆಯಲ್ಲಿ ಚಾಪೆ ಹಾಸಿ ಕೂರಿಸಿ ಕಲಿಸುತ್ತಾರೆ.

ಕಷ್ಟ ಆಮೇಲೆ. ಪದವಿ ಮುಗಿದ ಮೇಲೆ ಈ ಊರಿನ ಮಕ್ಕಳು ಪುಣೆಗೆ, ಬೆಂಗಳೂರಿಗೆ ಹೋಗುತ್ತಾರೆ. ನಮ್ಮ ಓಣಿಯಲ್ಲಿ ಇಪ್ಪತ್ತೆರಡು ಮನೆ. ಹದಿಮೂರರಲ್ಲಿ ವಯಸ್ಸಾದವರು ಇಬ್ಬರೇ, ಇಲ್ಲವೇ ಒಬ್ಬರೇ. ಓದಲು ಬಂದವರು ಮತ್ತು ಓದಿಸಿ ಕಳಿಸಿದವರು, ಎರಡೂ ಥರದ ಜನ ಇಲ್ಲಿ ಜಾಸ್ತಿ. ನಿಮ್ಮ ವಯಸ್ಸಿನವರೇ ಕಡಿಮೆ. ಮೂವತ್ತೆಂಟು, ನಲವತ್ತರ ಗೆಳೆಯರು ಸುಲಭಕ್ಕೆ ಸಿಗಲಿಕ್ಕಿಲ್ಲ.

ನಿಮ್ಮ ಕೆಲಸದ ವಿಷಯವೂ ಇಲ್ಲಿಗೇ ಸೇರಿದ್ದು. ಮನೆಯಿಂದ ಕೆಲಸ ಅನ್ನುವುದು ಕಂಪನಿಯ ಒಂದು ಮೇಲ್‌ನಿಂದ ಮುಗಿದುಹೋಗಬಹುದು. ಹುಬ್ಬಳ್ಳಿಯಲ್ಲಿ ಐಟಿ ಪಾರ್ಕ್ ಇದೆ, ಕೆಲವು ಕಂಪನಿಗಳಿವೆ. ಆದರೆ ಇಬ್ಬರಿಗೂ ಈಗಿನ ಸಂಬಳದ ಕೆಲಸ ಅಲ್ಲಿ ಸಿಗುತ್ತದೆ ಅಂತ ನಂಬಿ ಸಾಲ ಮಾಡಬೇಡಿ. ಒಬ್ಬರ ಸಂಬಳದಲ್ಲಿ, ಅದೂ ಅರ್ಧ ಆದರೂ, ಇಲ್ಲಿನ ಮನೆ ನಡೆಯುತ್ತದಾ ಅಂತ ಲೆಕ್ಕ ಹಾಕಿ. ಬಾಡಿಗೆ ವೈಟ್‌ಫೀಲ್ಡಿನ ಅರ್ಧಕ್ಕಿಂತ ಕಡಿಮೆ ಬೀಳುತ್ತದೆ. ತರಕಾರಿ, ಹಾಲು, ಮನೆಕೆಲಸದವರ ಸಂಬಳ ಎಲ್ಲದರಲ್ಲೂ ಉಳಿತಾಯ ಇದೆ. ಉಳಿದದ್ದನ್ನು ಮೊದಲ ವರ್ಷ ಹಾಗೇ ಎತ್ತಿಡಿ. ಫೈಬರ್ ಇಂಟರ್ನೆಟ್ ಚೆನ್ನಾಗಿ ಬರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋಗುತ್ತದೆ, ಇನ್ವರ್ಟರ್ ಇಲ್ಲದೆ ಮೀಟಿಂಗ್ ನಂಬಬೇಡಿ.

ಬೇಸರ ಬರುತ್ತದಾ ಅಂತ ಕೇಳಿದ್ದೀರಿ. ಬರುತ್ತದೆ. ನನಗೆ ಗೊತ್ತಿರುವವರಿಗೆಲ್ಲ ಅದು ಮೂರನೇ ತಿಂಗಳ ಹೊತ್ತಿಗೆ ಬಂದಿದೆ. ಮೊದಲ ಎರಡು ತಿಂಗಳು ಎಲ್ಲ ಹೊಸದು. ಲೈನ್ ಬಜಾರಿನಲ್ಲಿ ಫೇಡೆಗೆ ಸಾಲು ನಿಲ್ಲುವುದು, ಗಿರಮಿಟ್ ಮಿರ್ಚಿ, ಖಾನಾವಳಿಯ ಕಟಕ ರೊಟ್ಟಿ, ಸಾಧನಕೇರಿ, ಕೆಲಗೇರಿ ಕೆರೆ, ಶನಿವಾರ ನುಗ್ಗಿಕೇರಿ ಹನುಮಪ್ಪ. ಮೂರನೇ ತಿಂಗಳು ಒಂದು ಶುಕ್ರವಾರ ಸಂಜೆ ಎಲ್ಲಿಗೆ ಹೋಗೋಣ ಅಂದರೆ ಎಲ್ಲವೂ ಆಗಿಹೋಗಿರುತ್ತದೆ. ದೊಡ್ಡ ಮಾಲ್ ಅಂದರೆ ಹುಬ್ಬಳ್ಳಿಗೆ ಹೋಗಬೇಕು. ರಾತ್ರಿ ಒಂಬತ್ತೂವರೆಗೆ ಪೇಟೆ ಮುಚ್ಚುತ್ತದೆ. ಆಗ ಗಂಡ ಹೆಂಡತಿ ನಡುವೆ 'ಬರೋಣ ಅಂದದ್ದು ಯಾರು' ಅನ್ನುವ ಮಾತು ಶುರುವಾಗುತ್ತದೆ.

ಅದನ್ನು ದಾಟಿದವರು ಹೇಗೆ ದಾಟಿದರು ಅಂತ ನೋಡಿದ್ದೇನೆ. ಅವರು ಸುತ್ತಾಡುವುದು ಬಿಟ್ಟು ವಾರಕ್ಕೊಂದು ದಿನ ಒಂದೇ ಜಾಗಕ್ಕೆ ಹೋಗಲು ಶುರು ಮಾಡಿದರು. ಕರ್ನಾಟಕ ವಿದ್ಯಾವರ್ಧಕ ಸಂಘ ಇದೆ, 1890ರಿಂದ ನಡೆದು ಬಂದದ್ದು. ಬಹಳಷ್ಟು ಸಂಜೆ ಅಲ್ಲಿ ಭಾಷಣ, ಪುಸ್ತಕ ಬಿಡುಗಡೆ, ಹಾಡು ಏನಾದರೊಂದು ಇರುತ್ತದೆ. ಟಿಕೆಟ್ ಇಲ್ಲ. ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ನಾಲ್ಕನೇ ಸಲ ಹೋದಾಗ ಯಾರಾದರೂ 'ನೀವು ಹೋದವಾರನೂ ಬಂದಿದ್ರಿ ಅಲ್ರೀ?' ಅನ್ನುತ್ತಾರೆ. ನನ್ನ ಪರಿಚಯದ ಒಬ್ಬ ಸಾಫ್ಟ್‌ವೇರ್ ಹುಡುಗ ಬೆಳಗ್ಗೆ ಯೂನಿವರ್ಸಿಟಿ ಆವರಣದಲ್ಲಿ ಹಕ್ಕಿ ನೋಡುವವರ ಜೊತೆ ಸೇರಿದ. ಇನ್ನೊಬ್ಬರು ಸಂಜೆ ಕೋಚಿಂಗ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ಇಬ್ಬರಿಗೂ ಈಗ ಊರು ಬಿಡುವ ಮಾತಿಲ್ಲ.

ಇನ್ನು ಸೈಟಿನ ವಿಷಯ. ಈಗಲೇ ಕೊಳ್ಳಬೇಡಿ. ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆಗೆ ಇರಿ. ಕಾರಣ ಹೇಳುತ್ತೇನೆ. ಧಾರವಾಡ ಇರುವುದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಗಡಿಯಲ್ಲಿ. ಪಡುವಣಕ್ಕೆ ಕೆಂಪು ಮಣ್ಣು, ಮೂಡಣಕ್ಕೆ ಹೋದಂತೆ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಎರೆ ಮಣ್ಣು ಹೊಲಕ್ಕೆ ಬಂಗಾರ, ಮನೆಗೆ ವೈರಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಜೊತೆಗೆ ಪಾಯವನ್ನೂ ಎಳೆದಾಡುತ್ತದೆ. ನನ್ನ ತಮ್ಮ ನನ್ನನ್ನು ಕೇಳದೆ, ಇಂಥ ಜಾಗದಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡ. ಡಿಸೆಂಬರಿನಲ್ಲಿ ಗೋಡೆ ಕನ್ನಡಿಯ ಹಾಗಿತ್ತು. ಏಪ್ರಿಲ್‌ನಲ್ಲಿ ಅಡುಗೆಮನೆಯ ಮೂಲೆಯಲ್ಲಿ ಕೂದಲಿನಷ್ಟು ಸೀಳು. ಮೇ ಕೊನೆಗೆ ಅದರಲ್ಲಿ ಐದು ರೂಪಾಯಿ ನಾಣ್ಯ ಹೋಗುತ್ತಿತ್ತು. ಜುಲೈನಲ್ಲಿ ಮಳೆ ಹಿಡಿದ ಮೇಲೆ ಸೀಳು ತಾನೇ ಮುಚ್ಚಿಕೊಂಡಿತು, ಬಾಗಿಲು ಮಾತ್ರ ಚೌಕಟ್ಟಿಗೆ ಕೂರದೆ ಹೋಯಿತು. ಪ್ರತಿ ವರ್ಷ ಇದೇ ಕಥೆ. ಎರೆ ಮಣ್ಣಿನಲ್ಲಿ ಕಟ್ಟಲೇಬೇಕಾದರೆ ಅಂಡರ್‌ರೀಮ್ಡ್ ಪೈಲ್ ಹಾಕಿಸಬೇಕು, ಅಂದರೆ ಆಳಕ್ಕೆ ಹೋಗಿ ಬುಡದಲ್ಲಿ ಅಗಲವಾಗುವ ಕಂಬದ ಪಾಯ. ಅದರ ಖರ್ಚು ಸೇರಿಸಿದರೆ ಅಗ್ಗದ ಸೈಟ್ ಅಗ್ಗವಾಗಿ ಉಳಿಯುವುದಿಲ್ಲ. ಯಾವ ಸೈಟ್ ನೋಡಿದರೂ ಮೇ ತಿಂಗಳಲ್ಲಿ ಸುತ್ತಲಿನ ಕಂಪೌಂಡ್ ಗೋಡೆಗಳನ್ನು ನೋಡಿ. ಮಣ್ಣಿನ ಗುಣವನ್ನು ಅವೇ ಹೇಳುತ್ತವೆ.

ಕಾಗದಪತ್ರದಲ್ಲಿ 'ಗುಂಟೆ ಪ್ಲಾಟ್' ಅನ್ನುವ ಮಾತು ಕೇಳಿದರೆ ಹಿಂದೆ ಸರಿಯಿರಿ. ಹೊಲವನ್ನು ಎನ್‌ಎ ಮಾಡಿಸದೆ, ಅಂದರೆ ಕೃಷಿಯೇತರ ಜಮೀನು ಅಂತ ಬದಲಿಸಿಕೊಳ್ಳದೆ, ಲೇಔಟ್ ಮಂಜೂರಾತಿ ಇಲ್ಲದೆ ತುಂಡು ಮಾಡಿ ಮಾರುವುದು ಅದು. ಎನ್‌ಎ ಆದೇಶ, ಹುಡಾ (ಹುಬ್ಬಳ್ಳಿ ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ನಕಾಶೆ, ಉತಾರ (ಜಾಗ ಯಾರ ಹೆಸರಿನಲ್ಲಿದೆ ಅನ್ನುವ ದಾಖಲೆ), ಹಳೆಯ ಊರಿನೊಳಗಾದರೆ ಸಿಟಿಎಸ್ (ನಗರ ಸರ್ವೆ) ನಂಬರಿನ ಉತಾರ, ಇವನ್ನೆಲ್ಲ ನಿಮ್ಮದೇ ವಕೀಲರಿಗೆ ತೋರಿಸಿ. ಫ್ಲಾಟ್ ಕೊಳ್ಳುವುದಾದರೆ ಕಟ್ಟಡದ ಮಂಜೂರಾದ ಪ್ಲಾನಿನಲ್ಲಿ ಎಷ್ಟು ಮಹಡಿ ಇದೆ, ನಿಂತಿರುವುದು ಎಷ್ಟು ಅಂತ ಎಣಿಸಿ. 2019ರ ಮಾರ್ಚ್‌ನಲ್ಲಿ ಕುಮಾ‍ರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆ ವಾರ ಊರು ಉಸಿರು ಬಿಗಿಹಿಡಿದು ಕೂತಿತ್ತು. ಅದಾದ ಮೇಲೆ ಇಲ್ಲಿ ಯಾರಿಗೇ ಆದರೂ ಇದೊಂದು ಮಾತನ್ನು ನಾನು ಹೇಳದೆ ಬಿಟ್ಟಿಲ್ಲ.

ಮಳೆಗಾಲವನ್ನೂ ಅನುಭವಿಸಿಯೇ ನೋಡಬೇಕು. ವರ್ಷದ ಲೆಕ್ಕದಲ್ಲಿ ಧಾರವಾಡದ ಮಳೆ ಬೆಂಗಳೂರಿಗಿಂತ ಕಡಿಮೆಯೇ. ಆದರೆ ಬೆಂಗಳೂರಿನಲ್ಲಿ ಸಂಜೆ ಸುರಿದು ನಿಲ್ಲುತ್ತದೆ. ಇಲ್ಲಿ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಜಿಟಿಜಿಟಿ. ಜೋರಾಗಿ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಎಂಟು ದಿನ ಸೂರ್ಯ ಕಾಣದೆ ಇರಬಹುದು. ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಸಲು ಬರುತ್ತದೆ, ಉಪ್ಪು ನೀರಾಗುತ್ತದೆ. ಉಬ್ಬಸ ಇರುವವರಿಗೆ ತ್ರಾಸು. ನನಗೆ ಮಾತ್ರ ವರ್ಷದಲ್ಲಿ ಇಷ್ಟದ ಕಾಲ ಅದೇ. ಕಿಟಕಿ ಹತ್ತಿರ ಕೂತು ಚಹಾ ಕುಡಿಯುತ್ತಾ ಆ ಮಳೆ ನೋಡಿದವರಿಗೆ ಈ ಊರು ಯಾಕೆ ಇಷ್ಟು ಹಾಡಿತು, ಇಷ್ಟು ಬರೆಯಿತು ಅಂತ ಅರ್ಥವಾಗುತ್ತದೆ.

ಕೊನೆಗೆ ನಿಮ್ಮ ಪತ್ರದ ಬಗ್ಗೆ ಒಂದು ಮಾತು. ನಿಮ್ಮ ಕೆಲಸ, ಮಗಳ ಓದು, ನಿಮ್ಮ ಬೇಸರ ಎಲ್ಲ ಅದರಲ್ಲಿದೆ. ಅತ್ತೆಯವರ ಸ್ಟೆಂಟ್ ಬಗ್ಗೆ ಇದೆ, ಅವರ ಮನಸ್ಸಿನಲ್ಲಿ ಏನಿದೆ ಅಂತ ಇಲ್ಲ. ನೀವಿಬ್ಬರೂ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತೀರಿ, ಮಗಳು ಶಾಲೆಯಲ್ಲಿರುತ್ತಾಳೆ. ಆ ಮಧ್ಯಾಹ್ನದ ಎರಡು ಗಂಟೆಯ ನಿಶ್ಶಬ್ದ ಪೂರ್ತಿ ಸಿಗುವುದು ಅವರಿಗೇ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಸಂಜೆ ಅವರ ಜೊತೆ ಕೂರುವ ನಾಲ್ಕು ಜನ ಇದ್ದರೆ ಇಲ್ಲಿ ಅವರು ಮೊದಲಿನಿಂದ ಶುರು ಮಾಡಬೇಕು, ಅದೂ ಬೇರೆ ಥರದ ಕನ್ನಡದಲ್ಲಿ. ಜುಲೈ ಎರಡನೇ ವಾರ ಬನ್ನಿ. ಹದಿನೈದು ದಿನಕ್ಕೆ ಒಂದು ಮನೆ ಹಿಡಿಯಿರಿ, ನೆಲಮಹಡಿಯದ್ದು, ಓಣಿಗೆ ಮುಖ ಮಾಡಿ ಕಟ್ಟೆ ಇರುವಂಥದ್ದು. ಅತ್ತೆಯವರನ್ನು ಕರೆದುಕೊಂಡು ಬನ್ನಿ. ಸಂಜೆ ಐದಕ್ಕೆ ಅವರನ್ನು ಆ ಕಟ್ಟೆಯ ಮೇಲೆ ಕೂರಿಸಿ ನೀವು ಒಳಗೆ ಇರಿ. ಅರ್ಧ ಗಂಟೆಯೊಳಗೆ ಯಾರಾದರೂ ನಿಂತು 'ಯಾವ ಊರ್ರೀ ಅಮ್ಮಾರ?' ಅಂತ ಕೇಳುತ್ತಾರೆ. ಅದಕ್ಕೆ ಅವರು ಹೇಗೆ ಉತ್ತರ ಕೊಡುತ್ತಾರೆ ಅಂತ ಒಳಗಿನಿಂದ ಕೇಳಿಸಿಕೊಳ್ಳಿ. ಹದಿನೈದು ದಿನ ಆದ ಮೇಲೆ ಮೊದಲು ಅವರನ್ನು ಕೇಳಿ.